ಕೊಟ್ಟಿಗೆ ಬಾಗಿಲ ಚಾಂಪಿಯನ್

ನಮ್ಮ ಮನೆಗೆ ಎರಡು ಬಾಗಿಲಿದ್ದವು. ಹೆಬ್ಬಾಗಿಲು ಗೆದ್ದವರಿಗೆ, ಕೊಟ್ಟಿಗೆ ಬಾಗಿಲು ಎಮ್ಮೆಗಳಿಗೆ ಮತ್ತು ಸೋತವರಿಗೆ. ಇದು ನನ್ನ ತಾತ ಮಾಡಿದ್ದ ಕಾನೂನು. ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು ಹೋಗುವ ದಾರಿಯಲ್ಲಿ, ನಾಲೆಯ ಏರಿಗೆ ಒರಗಿಕೊಂಡಂತಿದ್ದ ಊರು ನಮ್ಮದು. ಸುತ್ತ ಕಬ್ಬು, ಭತ್ತ. ಮನೆ ಹಂಚಿನ ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಅದರ ಸುತ್ತ ಪಡಸಾಲೆ, ಒಂದು ಮೂಲೆಯಲ್ಲಿ ಹೊಗೆ ಕುಡಿದು ಕಪ್ಪಾದ ಅಡುಗೆಮನೆ, ಇನ್ನೊಂದು ಮೂಲೆಯಲ್ಲಿ ತಾಮ್ರದ ಹಂಡೆ ಹೂಡಿದ್ದ ಬಚ್ಚಲು, ಬಲಗಡೆಗೆ ಕೊಟ್ಟಿಗೆ. ತಾತ ಊರಿನ ಗರಡಿಗೆ ವಸ್ತಾದಿ, ಅಂದರೆ ಹುಡುಗರಿಗೆ ಕುಸ್ತಿ ಕಲಿಸುವ ಗುರು. ಅವನ ಪ್ರಕಾರ ಪ್ರಪಂಚದಲ್ಲಿ ಇದ್ದದ್ದು ಎರಡೇ ಕುಲ: ಬೆನ್ನು ಮಣ್ಣು ಕಂಡವರು, ಕಾಣದವರು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತು ಅಂದರೆ ಚಿತ್. ಆಮೇಲೆ ಎದ್ದು ನಿಂತು ಎಷ್ಟು ತೊಡೆ ತಟ್ಟಿದರೂ ಪ್ರಯೋಜನವಿಲ್ಲ. ಹಾಗೆ ಬೆನ್ನಿಗೆ ಮಣ್ಣು ಅಂಟಿಸಿಕೊಂಡು ಬಂದ ನಮ್ಮ ಮನೆಯ ಗಂಡಸು, ಮುಂದೆ ಎಲ್ಲಾದರೂ ಗೆದ್ದು ಬರುವ ತನಕ ಹೆಬ್ಬಾಗಿಲು ತುಳಿಯುವಂತಿರಲಿಲ್ಲ. ನನ್ನ ಅಪ್ಪನೇ ಒಂದು ಸಲ ನಾಗಮಂಗಲದ ಪೈಲ್ವಾನನ ಕೈಯಲ್ಲಿ ಚಿತ್ತಾಗಿ, ನಾಲ್ಕು ತಿಂಗಳು ಎಮ್ಮೆಗಳ ಹಿಂದೆ ಬಗ್ಗಿಕೊಂಡು ಒಳಗೆ ಬಂದಿದ್ದ. ಕೆ.ಆರ್. ಪೇಟೆ ಕಡೆ ಒಂದು ಕುಸ್ತಿ ಗೆದ್ದು ಬಂದ ದಿನ ಅಜ್ಜಿ ಹೆಬ್ಬಾಗಿಲಲ್ಲಿ ಆರತಿ ಎತ್ತಿದಳು. ಅಪ್ಪ ಹೊಸ್ತಿಲು ದಾಟಿದವನೇ ಕಂಬ ಹಿಡಿದುಕೊಂಡು ಅತ್ತುಬಿಟ್ಟ. ನನಗೆ ಈ ಕಾನೂನು ಬಹಳ ಹಿಡಿಸಿತ್ತು. ಒಂದು ದಿನ ನಾಲೆಯ ಮೆಟ್ಟಿಲ ಮೇಲೆ ಜಾರಿ ಅಂಗಾತ ಬಿದ್ದವಳು, ಮೂರು ದಿನ ಯಾರಿಗೂ ಹೇಳದೆ ಕೊಟ್ಟಿಗೆಯಿಂದಲೇ ಓಡಾಡಿದೆ. ಅಜ್ಜಿ ಮೂಗು ಮುಚ್ಚಿಕೊಂಡು ಕೇಳಿದಳು.

"ಯಾಕಮ್ಮಿ ಇಂಗೆ ಸಗಣಿ ನಾತ ಒಡೀತಿದ್ದೀಯ?"

"ನನ್ ಬೆನ್ನು ಮಣ್ಣು ಕಂಡದೆ ಅಜ್ಜಿ."

"ಗರಡಿ ಕಾನೂನು ಎಂಗುಸ್ರಿಗ್ಯಾಕೆ? ನಾವು ದಿನಾ ನೆಲದ್ ಮ್ಯಾಲೆ ಬೆನ್ನಾಕೇ ಮಲಗದು."

"ತಾತನೂ ಬೆನ್ನಾಕೇ ಮಲಗ್ತದಲ್ಲಜ್ಜಿ? ಅಂಗಾರೆ ತಾತ ಕೊಟ್ಟಿಗೇಲಿ ಬರ್ಬೇಕಲ್ವಾ?"

ಅಜ್ಜಿ ಸುತ್ತಮುತ್ತ ನೋಡಿ, ನನ್ನ ಬಾಯಿಗೆ ಒಂದು ಉಂಡೆ ಬೆಲ್ಲ ತುರುಕಿದಳು.

ಮೊನ್ನೆ ನನ್ನ ಮೊಮ್ಮಗಳು ಫೋನಿನಲ್ಲಿ ನನ್ನ ಚಿಕ್ಕಪ್ಪನ ಹೆಸರು ಹಾಕಿ ಹುಡುಕಿದಳು. ಮಿಲಿಟರಿಯಲ್ಲಿ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಅಂತ ನಾನು ಕೊಚ್ಚಿಕೊಂಡಿದ್ದೆನಲ್ಲ, ಅದಕ್ಕೆ. ಫೋನು ಏನೂ ಹೇಳಲಿಲ್ಲ. "ಏನೂ ಬರ್ತಿಲ್ಲ ಅಜ್ಜಿ, ಅಷ್ಟೇನೂ ದೊಡ್ಡ ಚಾಂಪಿಯನ್ ಅಲ್ವೇನೋ" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಎಷ್ಟು ದೊಡ್ಡವನು ಅನ್ನುವುದು ನಮ್ಮ ಮನೆಯಲ್ಲಿ ಎರಡು ವರ್ಷ ತೀರ್ಮಾನವಾಗದೆ ಉಳಿದಿದ್ದ ಜಗಳ. ಫೋನಿಗೆ ಅದು ಹೇಗೆ ಗೊತ್ತಾಗಬೇಕು!

ಚಿಕ್ಕಪ್ಪನ ಹೆಸರು ತಮ್ಮಣ್ಣ. ತಾತನ ಕಿರೀಮಗ. ಗರಡಿಯಲ್ಲಿ ಪಳಗಿದ್ದವನು ಹದಿನೆಂಟು ತುಂಬುತ್ತಲೇ ಪಟಾಲಂ ಸೇರಿದ. ಅಲ್ಲಿ ಯಾರೋ ಸಾಹೇಬರು ಇವನ ಭುಜ ನೋಡಿ ಕೈಗೆ ಚರ್ಮದ ಗವುಸು ಹಾಕಿಸಿದರಂತೆ. ಅಲ್ಲಿಂದ ಮುಂದೆ ವರ್ಷಕ್ಕೊಂದು ಕಾಗದ ಬರುತ್ತಿತ್ತು: ಗೆದ್ದೆ, ಮತ್ತೆ ಗೆದ್ದೆ, ಚಾಂಪಿಯನ್ ಆದೆ. ಕೊನೆಗೆ ರಿಟೈರಾಗಿ ಊರಿಗೆ ಬಂದ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು, ಎರಡು ಕಿವಿಯ ಒಂದು ದೊಡ್ಡ ಬೆಳ್ಳಿ ಬಣ್ಣದ ಕಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿಳಿದ. ನಾನು ಭೀಮನಂಥವನು ಬರುತ್ತಾನೆಂದು ಕಾದಿದ್ದೆ. ಬಂದವನು ಸಣಕಲ, ಮೂಗು ಒಂದು ಕಡೆಗೆ ವಾಲಿತ್ತು. ಆದರೆ ಅವನು ನಡೆದು ಬಂದ ರೀತಿ! ನೆಲ ಎಲ್ಲಿ ನೋಯುತ್ತದೋ ಅನ್ನುವಂತೆ ಮುಂಗಾಲಲ್ಲಿ, ಬೆಕ್ಕಿನ ಹಾಗೆ. ಅಜ್ಜಿ ಆರತಿ ತಟ್ಟೆ ಹಿಡಿದು ಹೆಬ್ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ತಾತ ಕೈ ಅಡ್ಡ ಹಿಡಿದ.

"ಒಂದ್ ಮಾತು ಕೇಳ್ಬೇಕು ಕಣ್ಲಾ. ಅಷ್ಟೊಂದು ಆಡಿದ್ದೀಯಲ್ಲ, ನಿನ್ ಬೆನ್ನು ನೆಲ ಮುಟ್ತೋ ಇಲ್ವೋ?"

ಹಿಂದಿನಿಂದ ಅಜ್ಜಿ ಕಣ್ಣಲ್ಲೇ "ಇಲ್ಲ ಅನ್ನು, ಇಲ್ಲ ಅನ್ನು" ಎಂದು ಒದ್ದಾಡುತ್ತಿದ್ದಳು. ಚಿಕ್ಕಪ್ಪ ಅದನ್ನು ನೋಡಿಯೂ ನಿಜವನ್ನೇ ಹೇಳಿದ.

"ಮುಟ್ತು ಅಪ್ಪ. ಕಪ್ಪು ಗೆದ್ದ ಆಟದಲ್ಲೇ ಮೂರು ಸಲ. ಆದ್ರೂ ಗೆದ್ದೆ. ಬಾಕ್ಸಿಂಗಲ್ಲಿ ಬಿದ್ರೆ ಹತ್ತು ಎಣಿಸ್ತಾರೆ. ಅದ್ರೊಳಗೆ ಎದ್ರೆ ಆಟ ಮುಂದಕ್ಕೋಯ್ತದೆ."

"ಮೂರ್ ಸಲ ಚಿತ್ತಾಗಿ ಗೆದ್ನಂತೆ! ಇಂಥಾದ್ದ ನಾ ಕಂಡಿಲ್ಲ, ಕೇಳಿಲ್ಲ. ಬೀಳದು, ಏಳದು, ಗುದ್ದಾಡದು, ಇದನ್ನ ಸಂತೇಲಿ ಕುಡುಕ್ರು ಮಾಡ್ತರೆ ಕಣ್ಲಾ, ಕಪ್ಪು ಕೊಡಾಕಿಲ್ಲ ಅಷ್ಟೇಯ."

ಚಿಕ್ಕಪ್ಪ ಪೆಟ್ಟಿಗೆ ಎತ್ತಿಕೊಂಡು, ಯಾರೂ ಹೇಳದೆಯೇ ಬಳಸಿ ಹೋಗಿ, ಕೊಟ್ಟಿಗೆ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಅಜ್ಜಿಯ ಕೈಯಲ್ಲಿ ಆರತಿ ಉರಿಯುತ್ತಲೇ ಇತ್ತು. ಕಷ್ಟ ಏನೆಂದರೆ, ನನ್ನ ಅಪ್ಪನಿಗೆ ಮತ್ತೆ ಗೆಲ್ಲುವ ದಾರಿ ಇತ್ತು. ಚಿಕ್ಕಪ್ಪ ರಿಟೈರಾಗಿದ್ದ. ಅವನು ಇನ್ನು ಎಲ್ಲಿ, ಯಾರ ಮೇಲೆ ಗೆದ್ದು ಬರಬೇಕು? ಅಂದರೆ ಅವನು ಹುಟ್ಟಿದ ಮನೆಯ ಹೆಬ್ಬಾಗಿಲು ಇನ್ನು ಅವನಿಗಿಲ್ಲ. ಇಷ್ಟು ನನಗೂ ಅರ್ಥವಾಯಿತು.

ಎರಡು ವರ್ಷ ಹಾಗೇ ನಡೆಯಿತು. ಚಿಕ್ಕಪ್ಪನಿಗೆ ಪಾಂಡವಪುರದ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಕಾವಲು ಕೆಲಸ ಸಿಕ್ಕಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ, ಬರುತ್ತಿದ್ದ, ಕೊಟ್ಟಿಗೆಯಲ್ಲಿ ಬಗ್ಗುತ್ತಿದ್ದ. ಊಟಕ್ಕೆ ಎಲ್ಲರ ಜೊತೆ ಪಡಸಾಲೆಯಲ್ಲೇ ಕೂರುತ್ತಿದ್ದ. ತಾತನ ಕಾನೂನು ಬಾಗಿಲಿಗೆ ಮಾತ್ರ, ತಟ್ಟೆಗಲ್ಲ. ಆದರೆ ತಾತ ಅವನ ಕಡೆ ನೋಡದೆ ಮುದ್ದೆ ಮುರಿಯುತ್ತಿದ್ದ. "ಅವನ್ಗೆ ಇನ್ನೊಂದ್ ಸೌಟು ಸಾರು ಬುಡು" ಎಂದು ಗೋಡೆಗೆ ಹೇಳುತ್ತಿದ್ದ. ಅಜ್ಜಿ ಬಿಸಿ ಮುದ್ದೆಯನ್ನು ಚಿಕ್ಕಪ್ಪನ ತಟ್ಟೆಗೆ ದೊಪ್ಪನೆ ಹಾಕಿ, ತಾತನಿಗೆ ಕೇಳುವ ಹಾಗೆ "ಯಾವ್ ಬಾಗ್ಲಲ್ಲಿ ಬಂದ್ರೂ ಹೊಟ್ಟೆ ಹೊಟ್ಟೇನೇ" ಅನ್ನುತ್ತಿದ್ದಳು. ಅವಳಿಗೆ ಕಪ್ಪಿನ ಮೇಲೂ ಸಿಟ್ಟು. ಮಗನನ್ನು ಒಳಗೆ ಬಿಡಿಸಲಾರದ ಕಪ್ಪು ಯಾಕೆ ಎಂದು ಅದಕ್ಕೆ ಸೀಗೆಪುಡಿ ತುಂಬಿ ಬಚ್ಚಲಲ್ಲಿ ಇಟ್ಟುಬಿಟ್ಟಿದ್ದಳು. ಚಿಕ್ಕಪ್ಪ ಅದನ್ನು ನೋಡಿ ನಕ್ಕು, "ಎರಡು ಕಿವಿ ಅವೆ, ಎತ್ಕೊಳಾಕೆ ಸಲೀಸು" ಅಂದ. ಗರಡಿ ಹುಡುಗರು ಅವನಿಗೆ "ಕೊಟ್ಟಿಗೆ ಚಾಂಪಿಯನ್" ಎಂದು ಹೆಸರಿಟ್ಟಿದ್ದರು. ಅದಕ್ಕೂ ನಗುತ್ತಿದ್ದ. ಅವನ ಒಂದು ಏಟಿಗೆ ಆ ಹುಡುಗರ ಹಲ್ಲು ಉದುರುತ್ತಿದ್ದವು ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನು ನೋಡಿದ್ದೆ.

ನೋಡಿದ್ದು ಕೊಟ್ಟಿಗೆಯಲ್ಲಿ. ಗರಡಿಯೊಳಕ್ಕೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ, ಕೊಟ್ಟಿಗೆಗೆ ಅಡ್ಡಿ ಇರಲಿಲ್ಲ. ಬೆಳಿಗ್ಗೆ ಹಾಲು ಕರೆದ ಮೇಲೆ ಚಿಕ್ಕಪ್ಪ ಜಂತೆಗೆ ಒಂದು ಗೋಣಿಚೀಲ ಕಟ್ಟುತ್ತಿದ್ದ, ಒಳಗೆ ಭತ್ತದ ಹೊಟ್ಟು, ನಡುವೆ ನಾಲೆಯ ಮರಳು. ನಾನು ಮೇವಿನ ಗೊಂತಿನ ಮೇಲೆ ಕೂರುತ್ತಿದ್ದೆ. ಅವನು ಶುರು ಮಾಡುತ್ತಿದ್ದ. ಮೊದಲು ಕಾಲು. ನೆಲದ ತುಂಬ ಸಗಣಿ, ಗಂಜಲ, ಹುಲ್ಲು. ಅದರ ನಡುವೆ ಆ ಕಾಲುಗಳು ಹಾರಿ, ತಿರುಗಿ, ಸರಿದು, ಒಂದು ಸಲವೂ ಸಗಣಿ ತುಳಿಯುತ್ತಿರಲಿಲ್ಲ. ಅವನು ಕೆಳಗೆ ನೋಡುತ್ತಲೂ ಇರಲಿಲ್ಲ. ಎಮ್ಮೆ ಬಾಲ ಬೀಸಿದರೆ ತಲೆ ಬಗ್ಗುತ್ತಿತ್ತು, ಬಾಲ ಗಾಳಿಗೆ ಹೊಡೆದು ಹೋಗುತ್ತಿತ್ತು. ಆಮೇಲೆ ಕೈ. ಕೈ ಹೋದದ್ದು ನನಗೆ ಕಾಣುತ್ತಿರಲಿಲ್ಲ, ಚೀಲ ನರಳಿದ್ದು ಮಾತ್ರ ಕೇಳುತ್ತಿತ್ತು. ನನ್ನ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ವಯಸ್ಸಾಯಿತು, ಏನೇನೋ ನೋಡಿದ್ದೇನೆ, ಕೃಷ್ಣರಾಜಸಾಗರದ ಗೇಟುಗಳನ್ನೆಲ್ಲ ಒಟ್ಟಿಗೆ ತೆಗೆದದ್ದನ್ನೂ ನೋಡಿದ್ದೇನೆ. ಆ ಗೊಂತಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಂತೆ ಮತ್ತೆಲ್ಲೂ ಕೂತಿಲ್ಲ. ಒಂದು ದಿನ ಕೇಳಿದೆ.

"ಚಿಕ್ಕಪ್ಪ, ಬಿದ್ದಿಲ್ಲ ಅಂತ ಒಂದ್ ಸುಳ್ಳು ಏಳ್ಬುಡು. ತಾತ ಏನ್ ನೋಡಕ್ ಬಂದಿತ್ತಾ?"

"ಬಿದ್ದದ್ದೂ ನಂದೇ ಅಲ್ವಾ ಮೊಗ? ಅದ್ನ ಯಾರ್ಗೆ ಕೊಟ್ಬುಡ್ಲಿ?"

ಎರಡನೇ ವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಗಂಜಾಂನಿಂದ ಕಲಾಯಿ ಹಾಕುವ ಅಮೀರ್ ಸಾಬರು ಬಂದಿದ್ದರು. ತೊಟ್ಟಿಯ ಮೂಲೆಯ ಮಣ್ಣಲ್ಲಿ ಕುಳಿ ತೋಡಿ, ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತಿ, ನಮ್ಮ ಹಿತ್ತಾಳೆ ಪಾತ್ರೆಗಳನ್ನೆಲ್ಲ ಸುತ್ತ ಹರಡಿಕೊಂಡಿದ್ದರು. ಅಪ್ಪ ಗದ್ದೆಗೆ ಹೋಗಿದ್ದ. ತಾತ ಪಡಸಾಲೆಯ ಕಂಬಕ್ಕೆ ಒರಗಿ ಮೇಲ್ವಿಚಾರಣೆ ಮಾಡುತ್ತಿದ್ದ. ಆಗ ಹೆಬ್ಬಾಗಿಲಲ್ಲಿ ಒಬ್ಬ ಗುಂಡುಗುಂಡಾದ ಗಿಡ್ಡ ಮನುಷ್ಯ, ಮಿಲಿಟರಿ ಬೂಟು ಹಾಕಿಕೊಂಡು, ಕೈಯಲ್ಲಿ ಒಂದು ಚೀಟಿ ಹಿಡಿದು ನಿಂತ. ಒಳಗೆ ಇಣುಕಿ "ಸಾತ್? ಸಾತ್ ಹೈ?" ಎಂದ. ಕೊಟ್ಟಿಗೆಯಲ್ಲಿದ್ದ ಚಿಕ್ಕಪ್ಪ ಆ ದನಿ ಕೇಳಿ ಓಡಿ ಬಂದ. ಇಬ್ಬರೂ ಒಬ್ಬರ ಹೊಟ್ಟೆಗೆ ಒಬ್ಬರು ಗುದ್ದಿಕೊಂಡು, ಅಪ್ಪಿಕೊಂಡು, ಮತ್ತೆ ಗುದ್ದಿಕೊಂಡರು. ಅಜ್ಜಿ "ಅಯ್ಯೋ ಸಿವನೇ, ಜಗಳ ಬುಡುಸಿ" ಎಂದು ಕೂಗಿದಳು. ಚಿಕ್ಕಪ್ಪ ಹೇಳಿದ: ಇವನು ನೇಗಿ, ಹಿಮಾಲಯದ ತಪ್ಪಲಿನವನು. ಕಪ್ಪು ಗೆದ್ದ ಆಟದಲ್ಲಿ ನನ್ನನ್ನು ಮೂರು ಸಲ ಕೆಡವಿದ್ದು ಇವನೇ. ಮದ್ರಾಸಿಗೆ ಏನೋ ಕೆಲಸಕ್ಕೆ ಬಂದವನು ಹುಡುಕಿಕೊಂಡು ಬಂದಿದ್ದಾನೆ.

"ನೇಗಿಲಪ್ಪ ಅಂತೇನೋ," ಎಂದಳು ಅಜ್ಜಿ, "ಪಾಪ, ಬಿಸ್ಲಲ್ಲಿ ಬಂದವ್ನೆ. ಕೈಕಾಲು ತೊಳ್ಕೊಳಾಕೆ ಬಚ್ಲು ತೋರ್ಸಮ್ಮಿ."

ನಾನು ತೋರಿಸಿದೆ. ಒಳಗೆ ಹೋದವನು ಒಂದು ಕ್ಷಣದಲ್ಲೇ ಬೆಂಕಿ ಬಿದ್ದವನಂತೆ ಹೊರಗೆ ಬಂದ. ಕೈಯಲ್ಲಿ ಕಪ್ಪು. ಸೀಗೆಪುಡಿ ಮೀಸೆಯ ಮೇಲೆಲ್ಲ. ಸೀನುತ್ತಾ, ಕಪ್ಪನ್ನು ತಲೆಯ ಮೇಲೆ ಎತ್ತಿ ಹಿಡಿದು, ತಾತನ ಮುಂದೆ ನಿಂತು ಹಿಂದಿಯಲ್ಲಿ ಬಡಬಡನೆ ಮಾತಾಡತೊಡಗಿದ. ಮಾತಾಡಿದ, ಸೀನಿದ, ಮತ್ತೆ ಮಾತಾಡಿದ. ಕಣ್ಣಲ್ಲಿ ನೀರು ಬಂತು. ಅದು ಸೀಗೆಪುಡಿಯದೋ ಸಿಟ್ಟಿನದೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಚಿಕ್ಕಪ್ಪನಿಗೆ ಮಾತ್ರ. ತಾತ ಅವನ ಕಡೆ ತಿರುಗಿದ.

"ಏನಂತಾನ್ಲಾ?"

ಚಿಕ್ಕಪ್ಪ ತಲೆ ತಗ್ಗಿಸಿದ. "ಬಚ್ಚಲ ನೀರು ಬೋ ಬಿಸಿಯಾಗಿತ್ತಂತೆ ಅಪ್ಪ."

ತಿದಿಯ ಹಿಂದೆ ಅಮೀರ್ ಸಾಬರು ಕೆಮ್ಮುವ ಹಾಗೆ ನಕ್ಕರು. ಆಮೇಲೆ ನಗು ತಡೆಯಲಾರದೆ ಇಕ್ಕಳ ಕೆಳಗಿಟ್ಟರು.

"ತೋಬಾ ತೋಬಾ. ಗೌಡ್ರೇ, ಅವರು ನೀರಿನ ಮಾತೇ ಆಡಿಲ್ಲ. ನಿಮ್ ಮಗ ಸುಳ್ಳು ಏಳ್ತಾವ್ರೆ."

"ನನ್ ಮಗ ಸುಳ್ಳು ಏಳಾಕಿಲ್ಲ ಸಾಬ್ರೇ."

"ತನ್ನ ಹೊಗಳಿದ್ದನ್ನ ಮುಚ್ಚಿಡೋಕೆ ಏಳ್ತಾವ್ರೆ. ನಾನ್ ಏಳ್ಲಾ? ಈ ಕಪ್ಪು ನನ್ನ ಕೈಗೆ ಬರ್ಬೇಕಾಗಿತ್ತು ಅಂತಾವ್ರೆ. ಇದಕ್ಕೋಸ್ಕರ ಮೂಗು ಮುರ್ಕೊಂಡವ್ರೆ ಇಬ್ರೂನೂವೆ. ಇಂಥಾ ಆಟಗಾರ ನಮ್ ಪಲ್ಟನ್ನಲ್ಲೇ ಹುಟ್ಟಿಲ್ಲ, ಅವ್ನ ಕಪ್ಪಲ್ಲಿ ಸಾಬೂನು ಪುಡಿ ಇಟ್ಟಿದ್ದೀರಲ್ಲ, ನೀವೇನು ಮನುಷ್ಯರಾ ಅಂತ ಕೇಳ್ತಾವ್ರೆ. ಕೋಪ ಮಾಡ್ಕೋಬ್ಯಾಡಿ, ನಂದಲ್ಲ ಮಾತು."

ತಾತನಿಗೆ ಕೋಪ ಬರಲಿಲ್ಲ. ಗೊಂದಲವಾಯಿತು. "ಇವ್ನೇ ಮೂರು ಸಲ ಕೆಡವಿದೋನು. ಕೆಡವಿದೋನೇ ಬಿದ್ದೋನ್ನ ದೊಡ್ಡೋನು ಅಂತಾನಲ್ಲ! ಅದೇನು ಆಟ, ತೋರುಸ್ಲಿ" ಎಂದ.

ಸಾಬರು ಹೇಳಿದ್ದೇ ತಡ, ನೇಗಿ ಬೂಟು ಬಿಚ್ಚಿ ತೊಟ್ಟಿಗೆ ಇಳಿದ. ಪಾತ್ರೆಗಳ ನಡುವೆ ತಾನೇ ಚಿಕ್ಕಪ್ಪನಾದ. ಗುದ್ದು ತಿಂದ ಹಾಗೆ ತಲೆ ಹಿಂದಕ್ಕೆ ಹೊಡೆದು, ಕಲ್ಲು ಚಪ್ಪಡಿಯ ಮೇಲೆ ಧೊಪ್ಪನೆ ಅಂಗಾತ ಬಿದ್ದ. ಎರಡು ತಂಬಿಗೆ ಉರುಳಿ ಹೋದವು. ಬಿದ್ದಲ್ಲಿಂದಲೇ ಬೆರಳು ಎತ್ತಿ ಎಣಿಸಿದ. ಆರು ಬೆರಳಿನ ತನಕ ಹೆಣದ ಹಾಗಿದ್ದ. ಏಳನೆಯ ಬೆರಳು ಬಂದಾಗ ಚಿಗರೆಯಂತೆ ಎದ್ದು ನಿಂತ. ಮತ್ತೆ ಬಿದ್ದ, ಮತ್ತೆ ಏಳನೆಯ ಬೆರಳಿಗೆ ಎದ್ದ. ಮೂರನೆಯ ಸಲ ಬಿದ್ದಾಗ ಬಾಯಿಂದ ರಕ್ತ ಇಳಿದದ್ದನ್ನು ಕೈಯಲ್ಲಿ ತೋರಿಸಿದ, ಕಣ್ಣು ಗುಡ್ಡೆ ಮೇಲೆ ಹೋದದ್ದನ್ನು ತೋರಿಸಿದ. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ತಾತನ ಪಂಚೆ ಹಿಡಿದುಕೊಂಡೆ. ಐದು. ಆರು. ಏಳನೆಯ ಬೆರಳು. ಎದ್ದ. ಆಮೇಲೆ ನೇಗಿ ಪಕ್ಕಕ್ಕೆ ಜಿಗಿದು ನೇಗಿಯೇ ಆದ, ದವಡೆಗೆ ಒಂದು ಏಟು ತಿಂದ, ಬಿದ್ದ, ಹತ್ತು ಬೆರಳೂ ಮುಗಿದವು, ಏಳಲಿಲ್ಲ. ಮಲಗಿಕೊಂಡೇ ತಲೆ ತಿರುಗಿಸಿ ಸಾಬರಿಗೆ ಏನೋ ಹೇಳಿದ.

"ಗೌಡ್ರೇ, ಇವ್ರು ಬಂದಿರೋದೇ ಒಂದು ಮಾತು ಕೇಳಾಕಂತೆ. ತಮ್ಮಣ್ಣೋರು ಯಾವ ಆಟದಲ್ಲಿ ಬಿದ್ರೂ ಏಳಕ್ಕೇ ಏಳದಂತೆ. ಐದಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಅದಕ್ಕೇ ಅಲ್ಲಿ ಎಲ್ರೂ ತಮ್ಮಣ್ಣೋರ್ನ ಸಾತ್ ಅಂತಲೇ ಕರೆಯದು. ಸಾತ್ ಅಂದ್ರೆ ಏಳು. ಯಾಕೆ ಏಳಕ್ಕೇ ಅಂತ ಎಷ್ಟ್ ಕೇಳಿದ್ರೂ ಬಾಯಿ ಬುಟ್ಟಿಲ್ವಂತೆ. ಇವತ್ತೂ ಬಾಯಿ ಬುಡ್ದೆ ಇದ್ರೆ ಈ ಚಪ್ಪಡಿ ಬುಟ್ಟು ಮ್ಯಾಲಕ್ಕೇಳಾಕಿಲ್ಲ ಅಂತಾವ್ರೆ."

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದೆವು. ಅವನು ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಿದ್ದ. ಕೈಯಲ್ಲಿ ಒಂದು ಹುಲ್ಲುಕಡ್ಡಿ ಮುರಿಯುತ್ತಿದ್ದ.

"ಬಾಯ್ ಬುಡ್ಲಾ," ಎಂದ ತಾತ. "ಯಾಕೆ?"

"ಅಲ್ಲಿ ಎಣಿಸೋನು ಇಂಗ್ಲೀಸಲ್ಲಿ ಎಣಿಸ್ತಾನೆ ಅಪ್ಪ. ಬಿದ್ದಾಗ ತಲೆ ಗುಂಯ್ ಅಂತಿರ್ತದೆ, ಇಂಗ್ಲೀಸು ಎಲ್ಲಿ ನೆಪ್ಪಾಯ್ತದೆ? ನಾನು ಒಳಗೊಳಗೇ ನಮ್ ಮಾತಲ್ಲಿ ಎಣಿಸ್ಕೊತಿದ್ದೆ. ಒಂದು, ಎರಡು, ಮೂರು, ನಾಕು, ಐದು, ಆರು..."

ನಿಲ್ಲಿಸಿದ. ತಿದಿ ಕೂಡ ನಿಂತಿತ್ತು.

"ಆರಾದ್ ಮ್ಯಾಕೆ?"

"ಆರಾದ್ ಮ್ಯಾಕೆ ನಿನ್ ದನಿ ಬರದು. ನಾನು ಚಿಕ್ಕೋನಾಗಿದ್ದಾಗ ಕಂಬ್ಳಿ ಕಿತ್ತಾಕಿ ಗರಡಿಗೆ ಎಬ್ಬುಸ್ತಿದ್ಯಲ್ಲ, ಅದೇ ದನಿ. ‘ಏಳು’ ಅಂತ. ನೀನು ಏಳು ಅಂದ್ಮೇಲೆ ಮಲಗಿರಾಕೆ ಆಯ್ತದಾ? ನನ್ ಕಾಲು ನನ್ನ ಕೇಳ್ದೇನೇ ಎದ್ಬುಡವು."

ನೇಗಿ ಮಲಗಿದಲ್ಲಿಂದಲೇ "ಕ್ಯಾ? ಕ್ಯಾ?" ಎಂದು ಪೀಡಿಸತೊಡಗಿದ. ಸಾಬರು ತಲೆ ಕೆರೆದುಕೊಂಡರು. "ಸಾತ್ ಅನ್ನೋದೂ ಉಠ್ ಅನ್ನೋದೂ ಕನ್ನಡದಲ್ಲಿ ಒಂದೇ ಮಾತು ಅಂತ ಈ ಮನುಷ್ಯನಿಗೆ ಎಂಗಪ್ಪಾ ಅರ್ತ ಮಾಡ್ಸದು" ಎಂದು ಗೊಣಗಿ, ತಾತನನ್ನು ತೋರಿಸಿ, ಬೆರಳು ತೋರಿಸಿ, ಮಲಗಿದವನನ್ನು ಎಬ್ಬಿಸುವ ಹಾಗೆ ಕೈ ಮಾಡಿ, ಅಂತೂ ತಿಳಿಸಿದರು. ನೇಗಿ ಹಣೆ ಚಚ್ಚಿಕೊಂಡು ಎದ್ದು ಕೂತ. ತಾತನ ಕಡೆ ಬೆರಳು ಮಾಡಿ, ದೂರು ಹೇಳುವವನಂತೆ ಕೂಗಿದ.

"ಏನಂತೆ ಸಾಬ್ರೇ?"

"‘ಅಂಗಾರೆ ಅಪ್ಪ ಮಗ ಇಬ್ರೂ ಸೇರ್ಕೊಂಡು ನನ್ನ ಒಬ್ಬನ್ನೇ ಒಡೆದವ್ರೆ, ಇದು ಮೋಸ’ ಅಂತಾವ್ರೆ ಗೌಡ್ರೇ."

ತಾತ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ತನ್ನ ದನಿ ಅಷ್ಟು ದೂರ ಹೋಗಿ, ಮಗನ ರಕ್ತ ಬಿದ್ದ ನೆಲದ ಮೇಲೆಲ್ಲ ಓಡಾಡಿ ಬಂದದ್ದು ಆ ಮುದುಕನಿಗೆ ಗೊತ್ತೇ ಇರಲಿಲ್ಲ. ಆ ದನಿಯನ್ನು ಹೊತ್ತು ತಂದವನನ್ನೇ ಎರಡು ವರ್ಷ ಎಮ್ಮೆಗಳ ಹಿಂದೆ ಬಗ್ಗಿಸಿದ್ದ. ಕಂಬ ಹಿಡಿದು ಎದ್ದ. ಹೆಬ್ಬಾಗಿಲ ಹತ್ತಿರ ಹೋಗಿ, ಯಾವಾಗಲೂ ಮುಚ್ಚಿರುತ್ತಿದ್ದ ಇನ್ನೊಂದು ಕದವನ್ನೂ ಕಿರ್ರೆಂದು ತೆಗೆದ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದ.

"ಏಳ್ಲಾ," ಎಂದ.

ನೇಗಿ ಚಪ್ಪಾಳೆ ತಟ್ಟಿ "ಸಾತ್!" ಎಂದು ಅರಚಿದ. ಚಿಕ್ಕಪ್ಪ ಎದ್ದಿದ್ದ. ಯಾವಾಗ ಎದ್ದ ಎಂದು ನನಗೆ ಕಾಣಲಿಲ್ಲ. ಕೊಟ್ಟಿಗೆಯಿಂದ ಹೊರಗಿಳಿದು ಮನೆ ಬಳಸಿ ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಅಜ್ಜಿ ಓಡಾಡಿ, ಎಡವಿ, ಕುಂಕುಮದ ನೀರು ಕಲಸಿ, ಬತ್ತಿ ಹಚ್ಚಿ, ಆರತಿ ತಟ್ಟೆ ತಂದಳು. ಗಂಡಸರು ಅದನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ತಾತ ಅದನ್ನು ಅವಳ ಕೈಯಿಂದ ಕಿತ್ತುಕೊಂಡ. ಕಿತ್ತುಕೊಂಡು, ಹೊಸ್ತಿಲಾಚೆ ನಿಂತ ಮಗನ ಮುಖದ ಮುಂದೆ ಸುತ್ತತೊಡಗಿದ. ಕೆಂಪು ನೀರು ಪಂಚೆಯ ಮೇಲೆಲ್ಲ ಚೆಲ್ಲಿತು.

"ಉಲ್ಟಾ ಸುತ್ತುಸ್ತಿದ್ದೀರಿ," ಎಂದಳು ಅಜ್ಜಿ. "ಮೂರು ಸುತ್ತು ಸಾಕು, ಬುಡಿ."

"ಸುಮ್ಕಿರಮ್ಮಿ. ಎರಡು ವರ್ಸದ್ದು ಸುತ್ಬೇಕು."

ಸುತ್ತುತ್ತಲೇ ಇದ್ದ. ದೀಪ ಮಗನ ವಾಲಿದ ಮೂಗಿನ ಮುಂದೆ ತಿರುಗುತ್ತಲೇ ಇತ್ತು. ಚಿಕ್ಕಪ್ಪನ ಕಣ್ಣಲ್ಲಿ ನೀರು ತುಂಬಿ, ಬಾಯಲ್ಲಿ ನಗು ಬಂದು, ಎರಡನ್ನೂ ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಸಾಕು ಬುಡಪ್ಪೋ, ತಲೆ ತಿರುಗ್ತದೆ. ಬಿದ್ಗಿದ್ ಬುಟ್ಟೇನು."

"ಬಿದ್ರೆ ಬೀಳ್ಲಾ," ಎಂದ ತಾತ. "ಎಣಿಸಾಕೆ ನಾನಿವ್ನಿ."